ತಲೆಗೆ ಪೆಟ್ಟು: ಅತ್ತೆಗೆ ಒಂದು ಬಗೆ, ಮಗನಿಗೆ ಇನ್ನೊಂದು ಬಗೆ

ಗಂಜಲ ನಿಂತ ಕೊಟ್ಟಿಗೆಯಲ್ಲಿ ಕಾಲು ಜಾರುವುದು, ಹಾಲು ಕರೆಯುವಾಗ ಹಸು ಒದೆಯುವುದು, ನಸುಕಿನಲ್ಲಿ ಡೇರಿಗೆ ಹೊರಟ ಬೈಕು ಉರುಳುವುದು ನಿಮಗೆ ಹೊಸತಲ್ಲ. ತಲೆಗೆ ಪೆಟ್ಟಾದರೂ ರಕ್ತ ಬರಲಿಲ್ಲವೆಂದರೆ ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಆದರೆ ಆ ಪೆಟ್ಟು ಮುಂದೆ ಏನು ತೊಂದರೆ ಕೊಡುತ್ತದೆ ಎಂಬುದು ವಯಸ್ಸಿನ ಮೇಲೂ ನಿಂತಿದೆ.

ಮೊದಲು ಹಿರಿಯರು. ವಯಸ್ಸಾದಂತೆ ಮೆದುಳು ಕೊಂಚ ಕುಗ್ಗುತ್ತದೆ. ಮೆದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದಂತಾಗಿ, ಚಿಕ್ಕ ಪೆಟ್ಟಿಗೂ ಹರಿಯುತ್ತವೆ. ರಕ್ತ ಹನಿಹನಿಯಾಗಿ ಸೇರುತ್ತದೆ. ಕೆಲವು ವಾರಗಳ ಮೇಲೆ ತಲೆನೋವು, ತೂಕಡಿಕೆ, ಮರೆವು, ಓಲಾಡುವ ನಡಿಗೆ, ಒಂದು ಬದಿಯ ಕೈಕಾಲು ಸೋಲುವುದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಬಿದ್ದದ್ದೇ ಮರೆತಿರುತ್ತದೆ! ಅರಳುಮರಳು ಎಂದುಬಿಡುತ್ತೇವೆ. ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಇದು ಗೊತ್ತಾಗುತ್ತದೆ. ಅಗತ್ಯವಿದ್ದರೆ ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ತೆಗೆಯುತ್ತಾರೆ, ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬಿದ್ದರೆ, ಚೆನ್ನಾಗಿದ್ದಾರೆ ಎನಿಸಿದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹರೆಯದವರು ಬೇಗ ಎದ್ದು ಓಡಾಡುತ್ತಾರೆ, ನಿಜ. ಆದರೆ ಅವರ ಮುಂದೆ ಇನ್ನೂ ಬಹಳ ವರ್ಷಗಳಿವೆ. ಅಮೆರಿಕದ ಬಾಸ್ಟನ್ ನಗರದ ವೈದ್ಯರು ತಲೆಗೆ ಪೆಟ್ಟಾದವರ ಹತ್ತು ವರ್ಷಗಳವರೆಗಿನ ದಾಖಲೆ ನೋಡಿ 2022ರಲ್ಲಿ ವರದಿ ಪ್ರಕಟಿಸಿದರು. ಪೆಟ್ಟಿಗೆ ಮೊದಲು ಆರೋಗ್ಯವಾಗಿದ್ದವರಲ್ಲೂ ಬಿ.ಪಿ., ಸಕ್ಕರೆ ಕಾಯಿಲೆ, ಖಿನ್ನತೆ ಮುಂತಾದವು ಪೆಟ್ಟು ಬೀಳದವರಿಗಿಂತ ಹೆಚ್ಚಾಗಿ ಕಂಡಿದ್ದವು; 18ರಿಂದ 40ರ ಒಳಗಿನವರೂ ಇದಕ್ಕೆ ಹೊರತಾಗಿರಲಿಲ್ಲ. ಪೆಟ್ಟೇ ಇವಕ್ಕೆಲ್ಲ ಕಾರಣ ಎಂದು ಇದರಿಂದ ಹೇಳಲಾಗದು. ಆದರೂ ಮೂವತ್ತರ ಮಗನಿಗೆ ಬಿ.ಪಿ. ನೋಡಿಸುವವರು ನಮ್ಮಲ್ಲಿ ಯಾರು? ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನಿಗೆ ವರ್ಷಕ್ಕೊಮ್ಮೆಯಾದರೂ ನೋಡಿಸಿ. ಸಿಡುಕು, ನಿದ್ರೆಗೇಡು, ಮಂಕು ಹೆಚ್ಚಿದರೆ ಸೊಕ್ಕು ಎಂದು ಬೈಯುವ ಮೊದಲು ಡಾಕ್ಟರಿಗೆ ಹೇಳಿ.

ಮಕ್ಕಳ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಹಿಂದಿನ ಪೆಟ್ಟಿನ ಪರಿಣಾಮ ಕೆಲವೊಮ್ಮೆ ಮೇಲಿನ ತರಗತಿಗೆ ಹೋದಾಗ, ಪಾಠ ಕಷ್ಟವಾದಾಗ ತಿಳಿಯುತ್ತದೆ. ಟೀಚರಿಗೆ ಮೊದಲೇ ತಿಳಿಸಿಡಿ.

ಯಾವ ವಯಸ್ಸಿನವರಿಗೇ ಆಗಲಿ, ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಮಂಪರು, ಫಿಟ್ಸ್, ತೊದಲು ಮಾತು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹಾಲು ಹಾಕಿ ಬಂದು ನೋಡೋಣ ಎನ್ನಬೇಡಿ.

ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ತಪ್ಪದೆ ಗುರುತು ಹಾಕುವವರು ನೀವು. ಮನೆಯವರು ಬಿದ್ದ ದಿನವನ್ನೂ ಅಲ್ಲೇ ಬರೆಯಿರಿ, ನೀವು ಬಿದ್ದ ದಿನವನ್ನೂ ಸೇರಿಸಿ. ಎರಡು ತಿಂಗಳ ಮೇಲೆ ತಲೆನೋವೆಂದು ಹೋದಾಗ ಡಾಕ್ಟರಿಗೆ ಆ ತಾರೀಖು ಹೇಳಿ.