ದೀಪವಾರಿದ ಹಳ್ಳಿಗಳ ಸಾಕ್ಷ್ಯ

ಕಂದಾಯ ಇಲಾಖೆಯ ಕಡತಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಪದವುಂಟು. ಜನವಸತಿಯಿಲ್ಲದ ಗ್ರಾಮವೆಂದು ಅದರ ಅರ್ಥ. ಪಾರ್ಸಿ ಮೂಲದಲ್ಲಿ ‘ದೀಪವಿಲ್ಲದ್ದು’ ಎಂದು. ಸೇವೆಯಲ್ಲಿದ್ದಾಗ ಇಂಥ ಎಷ್ಟೋ ಪಟ್ಟಿಗಳಿಗೆ ಸಹಿ ಹಾಕಿದ್ದೇನೆ. ಆ ಊರುಗಳ ದೀಪ ಏಕೆ ಆರಿತು ಎಂದು ಕೇಳಿದ್ದು ಕಡಿಮೆ. ಉತ್ತರ ಸಿರಿಯಾದ ಪಾಳು ಹಳ್ಳಿಗಳ ಬಗ್ಗೆ ಓದುವಾಗ ಆ ಪ್ರಶ್ನೆ ಮತ್ತೆ ಎದುರಾಯಿತು.

ಅಲೆಪ್ಪೊ ಮತ್ತು ಇದ್ಲಿಬ್ ಪ್ರಾಂತ್ಯಗಳ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಕ್ರಿ.ಶ. 1ರಿಂದ 7ನೇ ಶತಮಾನದ ನಡುವೆ ತಲೆಯೆತ್ತಿದ ಸುಮಾರು 700 ವಸತಿಗಳ ಅವಶೇಷಗಳಿವೆ. ಎರಡಂತಸ್ತಿನ ಕಲ್ಲುಮನೆಗಳು, ಚರ್ಚುಗಳು, ನೀರಿನ ತೊಟ್ಟಿಗಳು, ಆಲಿವ್ ಎಣ್ಣೆಯ ಗಾಣಗಳು ಅಲ್ಲಿ ಇಂದಿಗೂ ಕಾಣುತ್ತವೆ. ‘ಮೃತ ನಗರಗಳು’ ಎಂದು ಇವು ಹೆಸರಾಗಿದ್ದರೂ ಬಹುಪಾಲು ರೈತರ ಹಳ್ಳಿಗಳೇ. ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಪದಚ್ಯುತನಾದ 476ರ ಹೊತ್ತಿಗೆ ಈ ಹಳ್ಳಿಗಳು ಬೆಳೆಯುತ್ತಲೇ ಇದ್ದವು. ರೋಮಿನ ಪತನವೆಂದರೆ ಎಲ್ಲೆಡೆ ಕತ್ತಲೆ ಎಂಬ ಪಠ್ಯಪುಸ್ತಕದ ಪಾಠಕ್ಕೆ ಇಷ್ಟೇ ಸಾಕಷ್ಟು ಉತ್ತರ.

1950ರ ದಶಕದಲ್ಲಿ ಮೂರು ಸಂಪುಟಗಳ ಅಧ್ಯಯನ ಪ್ರಕಟಿಸಿದ ಜಾರ್ಜ್ ಚಲೆಂಕೊ ಒಂದು ಸುಂದರ ವಿವರಣೆ ಕೊಟ್ಟರು. ಆಲಿವ್ ಎಣ್ಣೆಯ ರಫ್ತಿನಿಂದ ಹಳ್ಳಿಗಳು ಸಿರಿವಂತವಾದವು. 7ನೇ ಶತಮಾನದಲ್ಲಿ ಪರ್ಷಿಯನ್ನರ ಹಾಗೂ ಅರಬರ ದಂಡಯಾತ್ರೆಗಳಿಂದ ಮೆಡಿಟರೇನಿಯನ್ ಮಾರುಕಟ್ಟೆ ಕೈತಪ್ಪಿದಾಗ ಬರಿದಾದವು. ಒಂದೇ ಬೆಳೆಯನ್ನು ನಂಬಿ ಕೆಟ್ಟವರ ಕಥೆ! ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಒಡನೆ ಒಪ್ಪಿಗೆಯಾಗುವಂಥದು.

ಆದರೆ ನೆಲವನ್ನು ಅಗೆದಾಗ ಕಥೆ ಬದಲಾಯಿತು. 1976ರಿಂದ 1978ರವರೆಗೆ ಜಾನ್-ಪಿಯರ್ ಸೊದಿನಿ, ಜಾರ್ಜ್ ತಾತ್ ಮತ್ತವರ ಸಂಗಡಿಗರು ದೆಹೆಸ್ ಎಂಬ ಹಳ್ಳಿಯಲ್ಲಿ ಉತ್ಖನನ ನಡೆಸಿದರು. ಸಾರ್ವಜನಿಕ ಕಟ್ಟಡಗಳೆಂದು ಭಾವಿಸಿದ್ದವು ಸಾಮಾನ್ಯ ರೈತರ ಮನೆಗಳೆಂದು ತಿಳಿಯಿತು. 7ನೇ ಶತಮಾನದಲ್ಲಿ ಊರು ಬಿಕೋ ಎನ್ನಲಿಲ್ಲ. ಜನ ಮುಂದೆಯೂ ಅಲ್ಲಿ ಬಾಳಿದ್ದರೆಂದು ನಾಣ್ಯಗಳು, ಮಡಕೆಯ ಚೂರುಗಳು ಸಾರಿದವು. ಆಲಿವ್ ಜೊತೆಗೆ ಧಾನ್ಯ, ದ್ರಾಕ್ಷಿ, ಪಶುಪಾಲನೆಯೂ ಇದ್ದವೆಂದು ತಾತ್ 1992ರ ಗ್ರಂಥದಲ್ಲಿ ವಾದಿಸಿದರು. ಅವರ ಪ್ರಕಾರ 6ನೇ ಶತಮಾನದ ನಡುಭಾಗದಲ್ಲಿಯೇ ಹೊಸ ಮನೆಗಳ ನಿರ್ಮಾಣ ಬಹುತೇಕ ನಿಂತಿತ್ತು. ಹೆಚ್ಚಿದ ಜನಸಂಖ್ಯೆಗೆ ಬೆಟ್ಟದ ನೆಲ ಸಾಲದಾಗಿತ್ತು. 540ರ ದಶಕದಿಂದ ಪ್ಲೇಗು, ಕ್ಷಾಮ, ಯುದ್ಧಗಳು ಬೆನ್ನುಹತ್ತಿದವು. ಹಳ್ಳಿಗಳು ಒಮ್ಮೆಲೇ ಸಾಯಲಿಲ್ಲ, ನಿಧಾನವಾಗಿ ಸೊರಗಿದವು.

ಚಲೆಂಕೊ ಅಸಡ್ಡೆಯ ವಿದ್ವಾಂಸರಲ್ಲ. ನಿಂತ ಗೋಡೆಗಳು ಅವರಿಗೆ ಹೇಳಿದ್ದು ಅಷ್ಟೇ. ಉಳಿದದ್ದನ್ನು ಹೇಳಿದ್ದು ಮಣ್ಣಿನೊಳಗಿನ ಚೂರುಗಳು. ಇಂದಿನ ಆತಂಕಕ್ಕೂ ಕಾರಣ ಇದೇ. 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಹಳ್ಳಿಗಳು 2013ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ಯುದ್ಧಕಾಲದಲ್ಲಿ ಬಾಂಬುಗಳು ಬಿದ್ದವು. ನಿಧಿಗಳ್ಳರು ನೆಲ ಬಗೆದರು. ಮನೆ ಕಳೆದುಕೊಂಡ ಕುಟುಂಬಗಳು ಪ್ರಾಚೀನ ಗೋಡೆಗಳ ನಡುವೆ ಆಸರೆ ಪಡೆದವು. ಸೂರಿಲ್ಲದವರನ್ನು ದೂರುವುದು ಅಮಾನವೀಯ. ಬಿದ್ದ ಕಂಬವನ್ನು ಮುಂದೊಮ್ಮೆ ಎತ್ತಿ ನಿಲ್ಲಿಸಬಹುದು. ಆದರೆ ಕಳ್ಳಗುಂಡಿಯಲ್ಲಿ ಕಲಸಿಹೋದ ಮಣ್ಣಿನ ಪದರಗಳನ್ನು ಮತ್ತೆ ಜೋಡಿಸಲಾಗದು. ಪುನರ್ನಿರ್ಮಾಣದ ಹಣ ಬಂದಾಗ ಅದರ ಒಂದು ಪಾಲು ನೆಲದ ಕಾವಲಿಗೂ ಸಲ್ಲಬೇಕು.

ಬೇಚರಾಕ್ ಎಂದು ಬರೆದು ಕಡತ ಮುಚ್ಚುವುದು ಸುಲಭ. ದೀಪ ಎಂದು ಆರಿತು, ಏಕೆ ಆರಿತು ಎಂಬುದನ್ನು ನೆಲವೇ ಹೇಳಬೇಕು.