ಸಿಂಹಗಡದಿಂದ ಬಿದನೂರಿಗೆ

ಪುಣೆಗೆ ಬಂದ ಮೇಲೆ ಸಿಂಹಗಡ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಊರಿಂದ ಯಾರೇ ಬರಲಿ, ಭಾನುವಾರ ಬೆಳಿಗ್ಗೆ ನಮ್ಮ ಸವಾರಿ ಅಲ್ಲಿಗೇ. ಪಿಠಲಾ-ಭಾಕ್ರಿ ತಿಂದು, ಮಣ್ಣಿನ ಕುಡಿಕೆಯ ಮೊಸರು ಚಪ್ಪರಿಸಿ, ತಾನಾಜಿಯ ಕಥೆ ಹೇಳಿ ಇಳಿದರೆ ಮುಗಿಯಿತು. ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಹತ್ತಿದಾಗ ಐದನೇ ಕ್ಲಾಸಿನ ಮಗಳು ಒಂದು ಸಮಾಧಿಯ ಮುಂದೆ ನಿಂತಳು. ಅದು ಶಿವಾಜಿ ಮಹಾರಾಜರ ಎರಡನೇ ಮಗ ರಾಜಾರಾಮರದ್ದು. 1700ರಲ್ಲಿ ಅವರು ತೀರಿಕೊಂಡದ್ದು ಇದೇ ಕೋಟೆಯಲ್ಲಿ.

"ಇವರು ನಮ್ಮೂರಿನ ಕಡೆ ಬಂದಿದ್ದರು, ಗೊತ್ತಾ?" ಅಂದೆ.

"ನಗರಕ್ಕಾ? ಅಲ್ಲಿ ನೆಟ್‌ವರ್ಕೇ ಸಿಗಲ್ಲ, ಅಲ್ಲಿಗ್ಯಾಕೆ ಬಂದ್ರು?" ಅಂದಳು.

ಅವಳನ್ನು ಬೈಯುವ ಹಾಗಿರಲಿಲ್ಲ. ನನ್ನ ಊರಿನ ಹೆಸರು ಹೇಳುವುದೇ ಇಲ್ಲಿ ಒಂದು ಪಜೀತಿ. 'ನಗರ' ಅಂದರೆ ಪುಣೆಯವರು ಅಹಮದ್‌ನಗರ ಅಂದುಕೊಳ್ಳುತ್ತಾರೆ. ಬೆಂಗಳೂರಿನವರು "ಯಾವ ನಗರ?" ಅನ್ನುತ್ತಾರೆ. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲೂಕು, ನಗರ ಎಂದು ಪೂರ್ತಿ ಹೇಳಿದರೆ, "ಹೊಸನಗರದ ಹತ್ತಿರದ ಹಳ್ಳಿಯಾ?" ಎಂಬ ಪ್ರಶ್ನೆ ಬರುತ್ತದೆ. ನಿಜಕ್ಕೂ ಹೊಸನಗರಕ್ಕೆ ಆ ಹೆಸರು ಬಂದದ್ದು ನಮ್ಮ ಊರಿನಿಂದ. ಹತ್ತೊಂಬತ್ತನೇ ಶತಮಾನದ ಕೊನೆಗೆ ತಾಲೂಕು ಕಚೇರಿಯನ್ನು ನಗರದಿಂದ ಕಲ್ಲೂರುಕಟ್ಟೆಗೆ ಒಯ್ದರು. ಕಲ್ಲೂರುಕಟ್ಟೆ ಹೊಸನಗರವಾಯಿತು, ನಾವು ಬರೀ ನಗರವಾಗಿ ಉಳಿದೆವು.

ಬಿದಿರಿನ ನಡುವೆ ಒಂದು ರಾಜಧಾನಿ

ಊರಿನ ಮೊದಲ ಹೆಸರು ಬಿದನೂರು. ಬಿದಿರಿನಿಂದ ಬಂದ ಹೆಸರು ಎನ್ನುತ್ತಾರೆ. ಸಹ್ಯಾದ್ರಿಯ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಒಂದು ದಾರಿ ಕೊಲ್ಲೂರಿಗೆ ಇಳಿಯುತ್ತದೆ, ಇನ್ನೊಂದು ಹುಲಿಕಲ್ ಘಾಟಿಯಲ್ಲಿ ಹೊಸಂಗಡಿಗೆ. ಹುಲಿಕಲ್ ಕಡೆ ವರ್ಷಕ್ಕೆ 5,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಆಷಾಢದಲ್ಲಿ ಬಟ್ಟೆ ಒಣಗಿಸಲು ಒಲೆಯ ಮೇಲಿನ ಅಟ್ಟವೇ ಗತಿ.

ಇಂಥ ಜಾಗದಲ್ಲಿ ರಾಜಧಾನಿ ಕಟ್ಟಿದವರಿಗೆ ಅದಕ್ಕೆ ಕಾರಣವಿತ್ತು. ಕೆಳದಿ ನಾಯಕರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿದ್ದರು. 1637ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯನ್ನು ಹಾಳುಗೆಡವಿದ. ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ತಂದ. ಸುತ್ತ ಗುಡ್ಡ, ದಟ್ಟ ಬಿದಿರು, ವರ್ಷದ ನಾಲ್ಕು ತಿಂಗಳು ಜಡಿಮಳೆ. ಅರ್ಧ ಕೋಟೆಯನ್ನು ಕಾಡೇ ಕಟ್ಟಿಕೊಟ್ಟಿತ್ತು. ಜೊತೆಗೆ ಘಟ್ಟದ ಮೇಲಿನ ಕಾಳುಮೆಣಸು, ಅಡಿಕೆ, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿಯುವ ದಾರಿಯೂ ಇದೇ. ದಾರಿ ಯಾರ ಕೈಯಲ್ಲಿದೆಯೋ ಸುಂಕ ಅವರಿಗೆ.

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ನಮ್ಮ ಕಡೆ ಇವತ್ತಿಗೂ ಓಡುವುದು 'ಶಿಸ್ತು' ಎಂಬ ಕಂದಾಯ ಪದ್ಧತಿಯಿಂದ. ಜಮೀನನ್ನು ಫಲವತ್ತತೆಯ ಮೇಲೆ ಐದು ದರ್ಜೆ ಮಾಡಿ, ಒಂದೊಂದು ದರ್ಜೆಯ ಗದ್ದೆಯಲ್ಲಿ 12 ವರ್ಷ ಬೇಸಾಯ ಮಾಡಿಸಿ, ಬೀಜ, ಖರ್ಚು, ಬೆಳೆ, ಬೆಲೆ ಎಲ್ಲ ಬರೆದಿಟ್ಟು, ಸರಾಸರಿಯ ಮೇಲೆ ತೆರಿಗೆ ಕಟ್ಟಿಸಿದ. ನನ್ನ ಕೆಲಸ ಡೇಟಾದ್ದು. ಮೂರು ತಿಂಗಳ ಡೇಟಾ ಇಟ್ಟುಕೊಂಡು ಮುಂದಿನ ವರ್ಷದ ಅಂದಾಜು ಹೇಳುವ ನಮಗೆ ಹನ್ನೆರಡು ವರ್ಷ ಕಾದವನ ತಾಳ್ಮೆ ಆಶ್ಚರ್ಯವೇ.

ಚೆನ್ನಮ್ಮಾಜಿಯ ಬಾಗಿಲಿಗೆ ಬಂದ ಅತಿಥಿ

ಮಗಳಿಗೆ ಅಂದು ಇಳಿಯುವ ದಾರಿಯಲ್ಲಿ ಹೇಳಿದ ಕಥೆ ಇದು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ಹತ್ತೊಂಬತ್ತರ ಹುಡುಗ ರಾಜಾರಾಮನ ಮೇಲೆ ಮರಾಠಾ ರಾಜ್ಯದ ಭಾರ ಬಿತ್ತು. ರಾಯಗಡ ಬಿಟ್ಟು ಪನ್ಹಾಳಕ್ಕೆ ಬಂದ, ಅಲ್ಲಿಯೂ ಮೊಗಲರ ಮುತ್ತಿಗೆ. ಯಾತ್ರಿಕರ ವೇಷದಲ್ಲಿ ದಕ್ಷಿಣಕ್ಕೆ ಹೊರಟ. ಗುರಿ ಈಗಿನ ತಮಿಳುನಾಡಿನ ಜಿಂಜಿ ಕೋಟೆ, ಆದರೆ ನಡುವೆ ಇದ್ದದ್ದು ಕೆಳದಿ ರಾಜ್ಯ.

ಆಗ ಬಿದನೂರಿನಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಕಿತ್ತೂರಿನ ಚೆನ್ನಮ್ಮನಲ್ಲ, ಅವಳಿಗಿಂತ ನೂರೈವತ್ತು ವರ್ಷ ಹಿಂದಿನವಳು. ದಿಲ್ಲಿಯ ಬಾದಶಹ ಹುಡುಕುತ್ತಿರುವ ಮನುಷ್ಯನಿಗೆ ನೆರಳು ಕೊಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆಶ್ರಯ ಕೊಟ್ಟಳು, ರಾಜ್ಯ ದಾಟಿಸಿ ಕಳಿಸಿದಳು. ಮೊಗಲ್ ಸೈನ್ಯ ಬಿದನೂರಿನ ಸೀಮೆಯ ಮೇಲೆ ಬಂತು. ಕಾಳಗ ನಡೆದು, ಕೊನೆಗೆ ಒಪ್ಪಂದದಲ್ಲಿ ಮುಗಿಯಿತು. ರಾಜಾರಾಮ ಅಷ್ಟರಲ್ಲಿ ಜಿಂಜಿ ಸೇರಿಯಾಗಿತ್ತು. ಚೆನ್ನೈಯಲ್ಲಿರುವ ಓದುಗರು ಜಿಂಜಿ ನೋಡಿರುತ್ತೀರಿ, ಪುಣೆಯವರು ಸಿಂಹಗಡ ನೋಡಿರುತ್ತೀರಿ. ಅವೆರಡರ ನಡುವಿನ ಕೊಂಡಿ ನಮ್ಮೂರು.

ಹೆಸರು ಬದಲಾದ ಮೇಲೆ

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಕೊನೆಯ ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಸೇರಿದಳು. 1767ರಲ್ಲಿ ಅವಳನ್ನು ಬಿಡಿಸಿದವರು ಮರಾಠರು. ಹೈದರ್ ಊರಿಗೆ ತನ್ನ ಹೆಸರಿಟ್ಟು 'ಹೈದರ್ ನಗರ' ಅಂದ. ಇಲ್ಲಿ ಟಂಕಸಾಲೆ ನಡೆಸಿದ. ತನ್ನ ಹೊನ್ನಿನ ಮೇಲೆ ಇಕ್ಕೇರಿ ನಾಣ್ಯದಲ್ಲಿದ್ದ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ತನ್ನ ಏಳಿಗೆಯೆಲ್ಲ ಈ ಒಂದು ಗೆಲುವಿನಿಂದ ಬಂತೆಂದು ಹೈದರನೇ ಹೇಳಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ.

1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಘಾಟಿ ಹತ್ತಿ ಬಂದು ಊರು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. 1830ರಲ್ಲಿ ಕಂದಾಯದ ಕಾಟ ತಾಳಲಾರದೆ ರೈತರು ದಂಗೆಯೆದ್ದರು. ಬೂದಿ ಬಸಪ್ಪ ಎಂಬುವನು ನಗರದ ಗಾದಿಯ ಹಕ್ಕು ಸಾರಿದ. ಇದೇ ನಗರ ದಂಗೆಯ ನೆಪದಲ್ಲಿ 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಆಮೇಲೆ ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ಸೇರಿದ ವಿಭಾಗಕ್ಕೆ 'ನಗರ ವಿಭಾಗ' ಎಂದೇ ಹೆಸರು. ಹೆಸರು ದೊಡ್ಡದಾಗುತ್ತ ಹೋಯಿತು, ಊರು ಸಣ್ಣದಾಗುತ್ತ ಬಂತು.

ನೀರು ಬಂದದ್ದು

ಶಾಲೆಯಲ್ಲಿ ನಮಗೆ ಹೇಳಿದ ಇತಿಹಾಸ ಇಲ್ಲಿಗೆ ಮುಗಿಯುತ್ತಿತ್ತು. ಮುಂದಿನದು ಅಮ್ಮನ ತವರಿನಲ್ಲಿ ಕೇಳಿದ್ದು. ಹೊಸನಗರದ ಆಚೆ ಶರಾವತಿಯ ದಡದಲ್ಲಿ ಅಜ್ಜಿಯ ಮನೆಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ಎಲ್ಲ ಮುಳುಗಡೆಯಾಯಿತು. ಅಜ್ಜಿಗೆ ಆಗ ಮೂವತ್ತರ ಒಳಗೆ. ಕೇರಿಯವರಲ್ಲಿ ಒಬ್ಬರು ಶಿಕಾರಿಪುರದ ಕಡೆ, ಒಬ್ಬರು ಭದ್ರಾವತಿಯ ಕಡೆ, ಇವರು ನಗರದ ಕಡೆ. ಆಮೇಲೆ ನಮ್ಮ ಸುತ್ತಲೇ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಬಂದವು. ನಾಡಿಗೆಲ್ಲ ಬೆಳಕು ಹರಿಯಿತು. ನೀರು ಕೊಟ್ಟ ಎಷ್ಟೋ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. ಮುಳುಗಡೆಯವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ.

ಅಜ್ಜಿ ಯಾರನ್ನೂ ಬೈದವಳಲ್ಲ. ಒಂದು ಮಾತು ಮಾತ್ರ ಆಗಾಗ ಹೇಳುತ್ತಿದ್ದಳು: "ಮನೆ ಹೋದ್ದಕ್ಕೆ ದುಡ್ಡು ಕೊಟ್ರು ಮಗಾ. ನೆರೆಮನೆ ಹೋದ್ದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ."

ಈ ಮಾತು ನೆನಪಾದದ್ದು ಹೋದ ಮೇ ತಿಂಗಳಲ್ಲಿ. ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಮೂರು ವರ್ಷವಾಯಿತು. ಔಷಧಿ ಹೊಡೆಸಲು ಆಳು ಸಿಗುವುದಿಲ್ಲ, ಸಿಕ್ಕರೂ ಮಳೆ ಬಿಡುವುದಿಲ್ಲ. ಎಪ್ಪತ್ತು ದಾಟಿದ ಅಪ್ಪಯ್ಯ ಫೋನಿನಲ್ಲಿ, "ಒಬ್ರು ಕೇಳ್ತಾ ಇದ್ದಾರೆ, ಕೊಟ್ಟು ಬಿಡ್ಲಾ?" ಅಂದರು. ಮೊದಲು ನನ್ನ ತಲೆಗೆ ಬಂದದ್ದು ಪುಣೆಯ ಫ್ಲಾಟಿನ ಸಾಲ, ಸುಳ್ಳೇಕೆ ಹೇಳಲಿ. ಕೂಡಿಸಿ ಕಳೆದು ನೋಡಿದೆ, ಕೊಡುವುದೇ ಸರಿ ಅನ್ನಿಸಿತು. ಹಾಗೆ ಹೇಳಲೆಂದೇ ಊರಿಗೆ ಹೋದೆ.

ಹೋದವನಿಗೆ ಕಂಡದ್ದು ಬೇರೆ. ನಮ್ಮ ಸಾಲಿನ ಆರು ಮನೆಗಳಲ್ಲಿ ಮೂರಕ್ಕೆ ಬೀಗ. ಉಳಿದ ಮೂರರಲ್ಲಿ ವಯಸ್ಸಾದವರು. ರಾತ್ರಿ ಯಾರಿಗಾದರೂ ಹುಷಾರಿಲ್ಲದಾದರೆ ಜೀಪು ಹೊರಡಿಸುವವರು ಅಪ್ಪಯ್ಯನೇ. ನಾವು ಬೀಗ ಹಾಕಿದರೆ ಉಳಿದೆರಡು ಮನೆಯವರ ನೆರೆಮನೆ ಹೋಗುತ್ತದೆ. ಅಣೆಕಟ್ಟಿಲ್ಲದೆಯೂ ಮುಳುಗಡೆಯಾಗುತ್ತದೆ. ಇದಕ್ಕೆ ನನ್ನ ಎಕ್ಸೆಲ್ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ.

ಈ ವರ್ಷ ತೋಟ ಮಾರಿಲ್ಲ. ಸೋಗೆ ಕಡಿಸಿ, ಔಷಧಿಯ ಖರ್ಚು ನಾನು ಕೊಟ್ಟು, ಪಕ್ಕದ ಮನೆಯವರ ತೋಟಕ್ಕೂ ಒಟ್ಟಿಗೇ ಹೊಡೆಸಿದ್ದೇವೆ. ಒಂದು ತೋಟಕ್ಕೆ ಹೊಡೆದು ಪಕ್ಕದ್ದನ್ನು ಬಿಟ್ಟರೆ ರೋಗ ಮತ್ತೆ ಬರುತ್ತದೆ. ಮುಂದಿನ ವರ್ಷದ ಮಾತು ಮುಂದೆ. ಹನ್ನೆರಡು ವರ್ಷ ಕಾಯಲಾಗದಿದ್ದರೂ ಒಂದೆರಡು ವರ್ಷದ ಲೆಕ್ಕ ನೋಡಬಹುದಲ್ಲ.

ನೋಡುವುದಾದರೆ

ಮುಂಬೈ, ಪುಣೆಯಿಂದ ಕೊಲ್ಲೂರಿಗೆ ಹೋಗುವ ನಮ್ಮವರು ಬಹಳ. ಮೂಕಾಂಬಿಕೆಯ ದರ್ಶನ ಮುಗಿಸಿ ಶಿವಮೊಗ್ಗ ಕಡೆ ಹೊರಟರೆ ದಾರಿಯಲ್ಲೇ ನಗರ ಸಿಗುತ್ತದೆ. ರಸ್ತೆಗೆ ಕಾಣುವಂತೆಯೇ ಕೋಟೆ. ಒಳಗೆ ದರ್ಬಾರು ನಡೆದ ಜಾಗದ ಅಡಿಪಾಯ, ಅಕ್ಕ-ತಂಗಿ ಕೊಳ. ಸ್ವಲ್ಪ ದೂರದಲ್ಲಿ ದೇವಗಂಗೆಯ ಕೊಳಗಳು. ಬೇಸಿಗೆಯಲ್ಲೂ ಅಲ್ಲಿ ನೀರು ಹರಿಯುತ್ತಿರುತ್ತದೆ. ನಾಯಕರು ನೀರನ್ನು ಹಿಡಿದಿಟ್ಟದ್ದು ಹೀಗೆ, ಯಾರನ್ನೂ ಎಬ್ಬಿಸದೆ.

ಕೊಪ್ಪಲು ಮಠಕ್ಕೂ ಹೋಗಿ ಬನ್ನಿ. ಚೆನ್ನಮ್ಮಾಜಿಯ ಗದ್ದುಗೆ ಇರುವುದು ಅಲ್ಲಿ. ಸಿಂಹಗಡದ ಸಮಾಧಿಯ ಮುಂದಿರುವ ಜಂಗುಳಿ ಇಲ್ಲಿಲ್ಲ. ಮೇ ತಿಂಗಳಲ್ಲಿ ಮಗಳನ್ನು ಕರೆದೊಯ್ದಾಗ ನಾವಿಬ್ಬರೇ ಇದ್ದೆವು. ಫೋಟೋ ತೆಗೆದು ಪುಣೆಯ ಗೆಳತಿಗೆ ಕಳಿಸಲು ನೋಡಿದಳು. ನೆಟ್‌ವರ್ಕ್ ಸಿಗಲಿಲ್ಲ.

"ಪರವಾಗಿಲ್ಲ, ಹೊಸನಗರ ದಾಟಿದ ಮೇಲೆ ಕಳಿಸ್ತೀನಿ," ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಅಪ್ಪಾ, ಇದು ನಮ್ಮೂರು ಅಂತ ಬರೀಲಾ, ನಿಮ್ಮೂರು ಅಂತ ಬರೀಲಾ?"