ಸವೆದ ಹಲಗೆಯ ಬೆಲೆ

ಮೂರು ಬೇರಿಂಗು, ಒಂದು ಹಲಗೆ, ಒಂದು ತುಂಡು ಹಗ್ಗ. ಬೆಂಗಳೂರಿನ ಇಳಿಜಾರು ಬೀದಿಗಳಲ್ಲಿ ಬೆಳೆದ ನಮ್ಮ ಓರಗೆಯವರಿಗೆ ಇಷ್ಟಿದ್ದರೆ ಬೇಸಿಗೆ ರಜೆ ಕಳೆದುಹೋಗುತ್ತಿತ್ತು. ಗ್ಯಾರೇಜಿನ ಮೆಕ್ಯಾನಿಕ್ ಅಣ್ಣನನ್ನು ವಾರಗಟ್ಟಲೆ ಕಾಡಿ, ಅವನು ಎಸೆಯಲಿಟ್ಟ ಬೇರಿಂಗುಗಳನ್ನು ಇಸಿದುಕೊಂಡು ಬಂದು, ಹಣ್ಣಿನ ಪೆಟ್ಟಿಗೆಯ ಹಲಗೆಗೆ ಜೋಡಿಸಿದರೆ ಬೇರಿಂಗ್ ಗಾಡಿ ತಯಾರು. ಅದು ಡಾಂಬರಿನ ಮೇಲೆ ಕರಕರ ಎಂದು ಇಳಿಯುತ್ತಿದ್ದರೆ ಬೀದಿಯ ಅಜ್ಜಿಯರು ಬಾಗಿಲಿಗೆ ಬಂದು ಬೈಯುತ್ತಿದ್ದರು. ಆ ಗಾಡಿಗಳಲ್ಲಿ ಒಂದೂ ಈಗ ಯಾರ ಮನೆಯಲ್ಲೂ ಉಳಿದಿಲ್ಲ. ಕೆಲವು ಒಲೆಗೆ ಹೋದವು, ಕೆಲವು ಗುಜರಿಗೆ.

ಅದೇ ಸದ್ದು ಮತ್ತೆ ಕಿವಿಗೆ ಬಿದ್ದದ್ದು ಚೆನ್ನೈನಿಂದ ದಕ್ಷಿಣಕ್ಕೆ, ಮಹಾಬಲಿಪುರದಲ್ಲಿ. ಕಲ್ಲುಕುಟಿಗರ ಉಳಿಯ ಸದ್ದಿಗೆ ಹೆಸರಾದ ಊರಲ್ಲಿ ಮಕ್ಕಳು ಸ್ಕೇಟ್‌ಬೋರ್ಡ್ ಉರುಳಿಸುತ್ತಿದ್ದರು.

ಸ್ಕೇಟ್‌ಬೋರ್ಡಿನ ಮೂಲವೂ ನಮ್ಮ ಬೇರಿಂಗ್ ಗಾಡಿಯಂಥದ್ದೇ. ಅಮೆರಿಕದ ಮಕ್ಕಳು ರೋಲರ್ ಸ್ಕೇಟಿನ ಚಕ್ರಗಳನ್ನು ಬಿಚ್ಚಿ ಹಲಗೆಗೆ ಹೊಡೆದುಕೊಂಡು ಆಡುತ್ತಿದ್ದರು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್‌ಗಳು, ಅಲೆ ಏಳದ ದಿನಗಳಲ್ಲಿ ರಸ್ತೆಯ ಮೇಲೇ ಅಲೆ ಹತ್ತಿದಂತೆ ಆಡಲು ಈ ಹಲಗೆಯನ್ನು ಹಿಡಿದರು. ಆಗಿನ ಲೋಹದ ಮತ್ತು ಜೇಡಿಯ ಚಕ್ರಗಳು ಸಣ್ಣ ಕಲ್ಲು ಸಿಕ್ಕಿದರೂ ತಡೆದು, ಸವಾರನನ್ನು ಮುಂದಕ್ಕೆ ಎಸೆಯುತ್ತಿದ್ದವು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ತರುಣ ಯೂರಿಥೇನ್ ಚಕ್ರ ತಂದ ಮೇಲೆ ಹಲಗೆ ನೆಲವನ್ನು ಕಚ್ಚಿ ಓಡತೊಡಗಿತು. ದಶಕದ ನಡುವೆ ಕ್ಯಾಲಿಫೋರ್ನಿಯಾಕ್ಕೆ ಬರ ಬಂದು ಮನೆಮನೆಯ ಈಜುಕೊಳಗಳು ಬತ್ತಿದಾಗ ಹುಡುಗರು ಅವುಗಳೊಳಗೆ ಇಳಿದರು. ಇಂದಿನ ಸ್ಕೇಟ್‌ಪಾರ್ಕುಗಳ ಬಟ್ಟಲಿನಾಕಾರದ ‘ಬೌಲ್’ ಹುಟ್ಟಿದ್ದು ಆ ಒಣಕೊಳಗಳಿಂದ. 1978ರಲ್ಲಿ ಅಲನ್ ಗೆಲ್ಫಾಂಡ್, ಕೈ ಹಚ್ಚದೆ ಹಲಗೆಯ ಸಮೇತ ಮೇಲೆ ಹಾರುವ ‘ಆಲಿ’ಯನ್ನು ತೋರಿಸಿಕೊಟ್ಟ. ಇವತ್ತಿನ ಬಹುಪಾಲು ಪಟ್ಟುಗಳಿಗೆ ಅದೇ ಅಡಿಪಾಯ.

ನಮ್ಮ ಕರಾವಳಿಯಲ್ಲೂ ಮೊದಲು ಬಂದದ್ದು ಕಡಲು, ಆಮೇಲೆ ನೆಲ. ದಕ್ಷಿಣ ಕನ್ನಡದ ಮುಲ್ಕಿಯಲ್ಲಿ ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜ್ಯಾಕ್ ಹೆಬ್ನರ್ 2004ರಲ್ಲಿ ಸರ್ಫಿಂಗ್ ಆಶ್ರಮ ಕಟ್ಟಿದರು. ಚೆನ್ನೈನ ಈಸ್ಟ್ ಕೋಸ್ಟ್ ರೋಡಿನ ಬದಿಯ ಕೋವಳಂನಲ್ಲಿ ಮೀನುಗಾರ ಮೂರ್ತಿ ಮೇಘವನ್ ಊರಿನ ಹುಡುಗರಿಗೆ ಅಲೆ ಏರುವುದನ್ನು ಕಲಿಸಿ ಸರ್ಫಿಂಗ್ ಶಾಲೆ ಬೆಳೆಸಿದರು. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಮಹಾಬಲಿಪುರ. ಅಲ್ಲಿನ ಬೆಸ್ತರ ಮನೆಯ ಕಮಲಿ ಎಂಬ ಪುಟ್ಟ ಹುಡುಗಿ, ಬಿಳಿ ಫ್ರಾಕ್ ತೊಟ್ಟು, ಬರಿಗಾಲಲ್ಲಿ ಸ್ಕೇಟ್‌ಬೋರ್ಡ್ ಮೇಲೆ ರ‍್ಯಾಂಪಿನಿಂದ ಇಳಿಯುವ ಒಂದು ಚಿತ್ರವನ್ನು ಅಮೆರಿಕದ ಹೆಸರಾಂತ ಸ್ಕೇಟರ್ ಜೇಮಿ ಥಾಮಸ್ ತೆಗೆದರು. ಸ್ಕೇಟ್‌ಬೋರ್ಡ್ ದಿಗ್ಗಜ ಟೋನಿ ಹಾಕ್ ಅದನ್ನು ಹಂಚಿಕೊಂಡ ಮೇಲೆ ಜಗತ್ತೇ ಅದನ್ನು ನೋಡಿತು. ಸಾಶಾ ರೇನ್‌ಬೋ ನಿರ್ದೇಶಿಸಿದ ‘ಕಮಲಿ’ ಕಿರುಚಿತ್ರ ಈ ಹುಡುಗಿಯದು, ಅವಳನ್ನು ಒಂಟಿಯಾಗಿ ಸಾಕಿದ ತಾಯಿಯದು. 2020ರಲ್ಲಿ ಅದು ಬ್ರಿಟನ್ನಿನ ಬಾಫ್ತಾ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಕಮಲಿ ಈಗ ದೇಶದ ಮುಂಚೂಣಿ ಸರ್ಫರ್. ಮುಲ್ಕಿ ಬಳಿಯ ನಮ್ಮ ಸಸಿಹಿತ್ಲು ಕಡಲಿಗೂ ಬಂದು ಸ್ಪರ್ಧಿಸಿದ್ದಾಳೆ.

ಮಕ್ಕಳಿಗೆ ಹಲಗೆ ಸಿಕ್ಕರಷ್ಟೇ ಸಾಲದು, ಉರುಳಿಸಲು ನುಣುಪಾದ ನೆಲವೂ ಬೇಕು. ಆ ಕೆಲಸದಲ್ಲಿ ಬೆಂಗಳೂರಿನ ಕೈ ದೊಡ್ಡದು. ಇಲ್ಲಿನ ‘ಹೋಲಿಸ್ಟೋಕ್ಡ್’ ಬಳಗದ ಹುಡುಗರು 2013ರಲ್ಲಿ ಲೀವೈಸ್ ಕಂಪನಿಯ ನೆರವು, ಹೊರದೇಶದ ಸ್ಕೇಟರ್‌ಗಳ ಶ್ರಮ ಎರಡನ್ನೂ ಕೂಡಿಸಿಕೊಂಡು ಎಲ್ಲರಿಗೂ ಉಚಿತವಾದ ಸ್ಕೇಟ್‌ಪಾರ್ಕ್ ಕಟ್ಟಿದರು. ಕಾಂಕ್ರೀಟಿಗೆ ಬಾಗು ಕೊಡುವುದು ನಾಜೂಕಿನ ಗಾರೆ ಕೆಲಸ. ಕರಣೆ ಒಂದಿಷ್ಟು ತಪ್ಪಿದರೂ ಚಕ್ರ ಅಲ್ಲೇ ಎಡವುತ್ತದೆ. ಸ್ವತಃ ಬಿದ್ದು ಎದ್ದವರೇ ಕರಣೆ ಹಿಡಿದಾಗ ಬಾಗು ಸರಿಯಾಗಿ ಕೂರುತ್ತದೆ.

ಇನ್ನು ಹಲಗೆಯ ವಿಷಯ. ‘ಡೆಕ್’ ಎಂಬ ಹಲಗೆ ಸಾಮಾನ್ಯವಾಗಿ ಮೇಪಲ್ ಮರದ ಏಳು ಪದರಗಳನ್ನು ಅಂಟಿಸಿ, ಅಚ್ಚಿನಲ್ಲಿ ಒತ್ತಿದ್ದು. ಸುಮಾರು 8 ಅಂಗುಲ ಅಗಲ, 32 ಅಂಗುಲ ಉದ್ದ. ಮೇಲೆ ಉಪ್ಪುಕಾಗದದಂತೆ ಒರಟಾದ ಗ್ರಿಪ್ ಟೇಪ್. ಕೆಳಗೆ ‘ಟ್ರಕ್’ ಎಂಬ ಎರಡು ಲೋಹದ ಅಚ್ಚುಗಳು, ನಾಲ್ಕು ಚಕ್ರ. ಚಕ್ರಕ್ಕೆ ಎರಡರಂತೆ ಎಂಟು ಬೇರಿಂಗು: ಒಳ ತೂತು 8 ಮಿಲಿಮೀಟರ್, ಹೊರ ಅಳತೆ 22 ಮಿಲಿಮೀಟರ್. ಕಡಲ ಊರಲ್ಲಿ ಈ ಬೇರಿಂಗುಗಳಿಗೆ ಮರಳೂ ಉಪ್ಪುಗಾಳಿಯೂ ಶತ್ರುಗಳು. ಆಗಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಎಣ್ಣೆ ಬಿಟ್ಟರೆ ಮಾತ್ರ ಮತ್ತೆ ತಿರುಗುತ್ತವೆ. ನಾವು ಬೇರಿಂಗ್ ಗಾಡಿಗೆ ಮಾಡುತ್ತಿದ್ದದ್ದೂ ಇದನ್ನೇ.

ಆಡಿದ ಹಲಗೆಯನ್ನು ಓದಲು ಕಲಿತವರು ಅದರ ಒಡೆಯನನ್ನು ನೋಡದೆಯೇ ಗುರುತಿಸಬಲ್ಲರು. ಗ್ರಿಪ್ ಟೇಪ್ ಎಲ್ಲಿ ಬೋಳಾಗಿದೆ ಎಂದು ನೋಡಿದರೆ, ಎಡಗಾಲು ಮುಂದಿಡುವ ‘ರೆಗ್ಯುಲರ್’ ಸವಾರನೋ, ಬಲಗಾಲು ಮುಂದಿಡುವ ‘ಗೂಫಿ’ಯೋ ಎಂದು ತಿಳಿಯುತ್ತದೆ. ಅಡಿಯ ಚಿತ್ರ ನಡುವಿನಲ್ಲಿ ಮಾತ್ರ ಅಳಿಸಿದ್ದರೆ ಕಂಬಿಯ ಮೇಲೆ ಹಲಗೆ ಅಡ್ಡಕ್ಕೆ ಜಾರಿದೆ ಎಂದರ್ಥ. ಹಿಂದಿನ ತುದಿ ನೆಲಕ್ಕೆ ಬಡಿದು ಬಡಿದು ಚೂರಿಯಂತೆ ತೆಳುವಾಗಿದ್ದರೆ ಅದು ‘ರೇಜರ್ ಟೇಲ್’, ಸಾವಿರ ಸಲ ಆಲಿ ಹೊಡೆದ ಗುರುತು. ಕೊನೆಗೊಂದು ದಿನ ಪದರ ಬಿಟ್ಟು, ಪುಟಿಯುವ ಕಸುವು ಆರಿಹೋಗುತ್ತದೆ. ‘ಪಾಪ್ ಹೋಯಿತು’ ಎನ್ನುತ್ತಾರೆ ಆಡುವವರು.

ಸ್ಕೇಟ್‌ಬೋರ್ಡ್ ಇರುವುದೇ ಸವೆಯುವುದಕ್ಕೆ. ಆದ್ದರಿಂದಲೇ ಸವೆಯದೆ ಉಳಿದದ್ದು ಅಪರೂಪವಾಯಿತು, ಅಪರೂಪವಾದದ್ದಕ್ಕೆ ಸಂಗ್ರಾಹಕರು ಬಂದರು. 1980ರ ದಶಕದಲ್ಲಿ ಪೊವೆಲ್ ಪೆರಾಲ್ಟಾ ಕಂಪನಿ ತಲೆಬುರುಡೆಯ ಚಿತ್ರ ಬಿಡಿಸಿ ಮಾರಿದ ಹಲಗೆಗಳನ್ನು, ಅಂದು ಮಕ್ಕಳಾಗಿದ್ದವರು ಇಂದು ಹುಡುಕಿ ಕೊಳ್ಳುತ್ತಾರೆ. 2019ರ ಜನವರಿಯಲ್ಲಿ ಸದಬೀಸ್ ಹರಾಜಿನಲ್ಲಿ ಸುಪ್ರೀಮ್ ಕಂಪನಿಯ 248 ಡೆಕ್‌ಗಳ ಸಂಗ್ರಹ 8 ಲಕ್ಷ ಡಾಲರಿಗೆ ಹೋಯಿತು. ಗೋಡೆಗೆ ತೂಗಲು ಚೆಂದದ ಹಲಗೆಗಳು ಅವು. ಆದರೆ ಅವುಗಳಲ್ಲಿ ಓದಲು ಏನಿದೆ?

ಹಳೆಯ ವಸ್ತುವನ್ನು ಪ್ರೀತಿಸುವ ಇನ್ನೊಂದು ಬಗೆಯನ್ನು ಚೆನ್ನೈ ಬಲ್ಲದು. ಸೆಂಟ್ರಲ್ ಸ್ಟೇಷನ್ನಿನ ಪಕ್ಕ 1900ರಲ್ಲಿ ತೆರೆದ ಕೆಂಪು ಇಟ್ಟಿಗೆಯ ಮೂರ್ ಮಾರ್ಕೆಟ್‌ನಲ್ಲಿ ಹಳೆಯ ಪುಸ್ತಕ, ಗ್ರಾಮಫೋನ್ ತಟ್ಟೆ, ಹೆಸರೇ ತಿಳಿಯದ ವಿಚಿತ್ರ ಸಾಮಾನು ಎಲ್ಲ ಸಿಗುತ್ತಿತ್ತು. ಅಲ್ಲಿ ಕೊಂಡ ಪುಸ್ತಕದ ಮೊದಲ ಪುಟದಲ್ಲಿ ಯಾರದೋ ಹೆಸರು, ಅಂಚಿನಲ್ಲಿ ಯಾರದೋ ಪೆನ್ಸಿಲ್ ಗೆರೆ ಇರುತ್ತಿತ್ತು. ಹಿಂದಿನ ಕೈಯ ಗುರುತು ಇದ್ದದ್ದರಿಂದಲೇ ಅದಕ್ಕೆ ಜೀವ. 1985ರ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟಿತು. ಈಗ ಆ ಜಾಗದಲ್ಲಿ ಉಪನಗರ ರೈಲುಗಳ ನಿಲ್ದಾಣವಿದೆ. ಉಳಿಸಿಕೊಳ್ಳಬೇಕು ಎಂಬ ಮಾತು ನಮಗೆ ಹೊಳೆಯುವುದು ಹೆಚ್ಚಾಗಿ ಹೀಗೆ ಕಳೆದುಕೊಂಡ ಮೇಲೆ.

ಈ ಕರಾವಳಿಯ ಸ್ಕೇಟ್‌ಬೋರ್ಡ್‌ಗೆ ಇನ್ನೂ ಚಿಕ್ಕ ವಯಸ್ಸು. ಮೊದಲ ಹಲಗೆಗಳ ಮೇಲೆ ನಿಂತವರು ಇನ್ನೂ ಹರೆಯದವರು. ಹಾಗಾಗಿ ಈಗಲೇ ಒಂದು ಮಾತು ಹೇಳಬೇಕೆನಿಸುತ್ತದೆ: ಪಾಪ್ ಹೋದ ಹಲಗೆಗಳನ್ನು ಒಲೆಗೆ ಹಾಕಬೇಡಿ. ಆಡುವಷ್ಟು ಕಸುವಿದ್ದರೆ ಚಿಕ್ಕವರ ಕಾಲಿಗೆ ಕೊಡಿ. ಇಲ್ಲವಾದರೆ, ಆಡಿದವರ ಹೆಸರು, ಊರು, ವರ್ಷ ಬರೆದು ತೆಗೆದಿಡಿ.

ಎಲ್ಲಿಡಬೇಕು ಎಂದು ಕೇಳಿದರೆ ನನ್ನ ಮನಸ್ಸಿಗೆ ಬರುವ ಜಾಗ ಅದೇ ಈಸ್ಟ್ ಕೋಸ್ಟ್ ರೋಡಿನ ಮೇಲಿದೆ. ಚೆನ್ನೈನಿಂದ ಕೋವಳಂಗೆ ಹೋಗುವಾಗ ಮುಟ್ಟುಕಾಡಿನಲ್ಲಿ ಸಿಗುವ ದಕ್ಷಿಣಚಿತ್ರ. ಅಳಿದುಹೋಗಲಿದ್ದ ದಕ್ಷಿಣ ಭಾರತದ ಮನೆಗಳನ್ನು 1996ರಿಂದ ಜನರಿಗೆ ತೋರಿಸುತ್ತಿರುವ ಆ ಆವರಣದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಕನ್ನಡದವರು ಅಲ್ಲಿಗೆ ಕಾಲಿಟ್ಟರೆ ಊರಿಗೆ ಬಂದಂತಾಗುತ್ತದೆ. ನೇಕಾರರ ಮಗ್ಗವೂ ಕೈಕಾಲಿನ ಉಜ್ಜಾಟದಿಂದ ನುಣುಪಾಗುವ ಮರವೇ ತಾನೆ? ಅಂಥ ಮನೆಯೊಂದರ ಗೋಡೆಗೆ ಮಹಾಬಲಿಪುರದ ರೇಜರ್ ಟೇಲ್ ಹಲಗೆಯೊಂದು ಒರಗಿರಲಿ. ಪಕ್ಕದಲ್ಲಿ, ಯಾರ ಅಟ್ಟದಲ್ಲಾದರೂ ಇನ್ನೂ ಉಳಿದಿದ್ದರೆ, ಮೂರು ಬೇರಿಂಗಿನ ಒಂದು ಗಾಡಿಯೂ ಇರಲಿ.